ಹೊಸ ಹೋಟೆಲಿನ ಆದ್ಯ ಶೋಧಕ

ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ ನೆಲೆಸಿರುವ ಕನ್ನಡಿಗರ ನಡುವೆ, ವಾರದ ಐದು ದಿನ ಸಾಫ್ಟ್‌ವೇರ್ ಬರೆದು, ಶನಿವಾರ ಬೆಳಗಾಗುತ್ತಲೇ ಪೆಸಿಫಿಕ್ ಕರಾವಳಿಯತ್ತ ಕಾರು ಓಡಿಸಿ, ಗೋಡೆಯ ಬಣ್ಣದ ವಾಸನೆ ಇನ್ನೂ ಆರದ ರೆಸ್ಟೋರೆಂಟೊಂದನ್ನು ತನ್ನ ಬಳಗದಲ್ಲಿ ಎಲ್ಲರಿಗಿಂತ ಮೊದಲು ಹೊಕ್ಕು ಬರುವ ಗೃಹಸ್ಥನೊಬ್ಬನು ಅಲ್ಲಲ್ಲಿ ಕಾಣಸಿಗುತ್ತಾನೆ. ಅವನನ್ನು ‘ಆದ್ಯ ಶೋಧಕ’ ಎಂದು ಕರೆಯುವುದು ಯುಕ್ತ. ಊಟ ಇವನಿಗೆ ಗೌಣ, ಮೊದಲು ಉಂಡವನು ತಾನೆಂಬುದು ಪ್ರಧಾನ. ಬೆಂಗಳೂರಿನಲ್ಲಿದ್ದಾಗಲೇ ಈ ಗುಣ ಮೊಳಕೆಯೊಡೆದಿತ್ತಾದರೂ, 1943ರಿಂದ ದೋಸೆ ಹೊಯ್ಯುತ್ತಿರುವ ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು ತಾನು ಕಂಡುಹಿಡಿದೆನೆಂದು ಹೇಳಿಕೊಂಡರೆ ಸ್ವಂತ ಅಜ್ಜಿಯೇ ನಗುವಳಾದ್ದರಿಂದ, ಆ ಪ್ರತಿಭೆ ಕಡಲು ದಾಟಿಯೇ ಅರಳಬೇಕಾಯಿತು.

ಶೋಧಕನಿಗೆ ಹೇಳಿ ಮಾಡಿಸಿದ ಊರೆಂದರೆ ಮಾಂಟೆರೆ ಕೊಲ್ಲಿಯ ದಕ್ಷಿಣಕ್ಕಿರುವ ಕಾರ್ಮೆಲ್-ಬೈ-ದ-ಸೀ. ಚಿತ್ರನಟ ಕ್ಲಿಂಟ್ ಈಸ್ಟ್‌ವುಡ್ 1986ರಿಂದ 1988ರವರೆಗೆ ಮೇಯರ್ ಆಗಿದ್ದ ಈ ಪುಟ್ಟ ಊರು ಕಟ್ಟಡಗಳಿಗೆ ನಂಬರು ಹಾಕುವ ಗೋಜಿಗೆ ಬಹುಕಾಲ ಹೋಗಲೇ ಇಲ್ಲವಾದ್ದರಿಂದ, ಇಂಥ ಬೀದಿಯಲ್ಲಿ ಇಂಥ ಎರಡು ಅಡ್ಡರಸ್ತೆಗಳ ನಡುವೆ ಎನ್ನುವುದೇ ಅಲ್ಲಿ ವಿಳಾಸವೆನಿಸಿಕೊಂಡು ಬಂದಿದೆ. ಹೀಗಿರುವಲ್ಲಿ ಹೋಟೆಲೊಂದರ ಬಾಗಿಲು ಮುಟ್ಟುವುದೇ ಒಂದು ಅನ್ವೇಷಣೆ. ಬಾಗಿಲವರೆಗೆ ಕೈಹಿಡಿದು ಕರೆದೊಯ್ದ ಫೋನಿನ ನಕ್ಷೆಗೆ ಶೋಧಕನ ಕಥನದಲ್ಲಿ ಯಾವ ಪಾತ್ರವೂ ಇರುವುದಿಲ್ಲ.

ಊಟದ ಮನೆಗೆ ಅಂಟಿಕೊಂಡಿರುವುದು ಟೇಸ್ಟಿಂಗ್ ರೂಮ್, ಅಂದರೆ ವೈನ್ ತಯಾರಕನು ಹಣ ಪಡೆದು ತನ್ನ ಸರಕಿನ ರುಚಿ ತೋರಿಸುವ ಕೋಣೆ. ದ್ರಾಕ್ಷಿ ಬೆಳೆಯುವುದು ಒಳನಾಡಿನ ಕಾರ್ಮೆಲ್ ಕಣಿವೆಯಲ್ಲಿ ಮತ್ತು ಸಾಂತಾ ಲೂಸಿಯಾ ಹೈಲ್ಯಾಂಡ್ಸ್ ಎಂಬ ಇಳಿಜಾರಿನಲ್ಲಿ; ಪ್ರವಾಸಿಗರು ಸೇರುವುದು ಕಡಲಂಚಿನಲ್ಲಿ; ಆದ್ದರಿಂದ ತೋಟವು ಊರೊಳಗೆ ಒಂದು ಕಿಟಕಿ ತೆರೆದುಕೊಂಡಿದೆ. ಕೊಲ್ಲಿಯ ತಳದಲ್ಲಿ ಆಳವಾದ ಕಂದರವಿದ್ದು, ಅಲ್ಲಿನ ತಣ್ಣೀರನ್ನು ಸವರಿಕೊಂಡು ಬರುವ ಗಾಳಿ ಮಧ್ಯಾಹ್ನದ ಹೊತ್ತಿಗೆ ಸಲಿನಾಸ್ ಕಣಿವೆಯುದ್ದಕ್ಕೂ ಬೀಸುವುದರಿಂದ ಹಣ್ಣು ನಿಧಾನವಾಗಿ ಮಾಗುತ್ತದೆ, ಪಿನೋ ನ್ವಾರ್ ತಳಿ ತನ್ನ ಹುಳಿ ಉಳಿಸಿಕೊಳ್ಳುತ್ತದೆ ಎಂದು ಸುರಿದುಕೊಡುವಾಕೆ ವಿವರಿಸುತ್ತಾಳೆ. ಈ ವಿವರಣೆಯನ್ನು ಶೋಧಕನು ಒಮ್ಮೆ ಕೇಳುತ್ತಾನೆ, ಮುಂದಿನ ಯುಗಾದಿ, ಗಣೇಶನ ಹಬ್ಬ, ಯಾರದೋ ಗೃಹಪ್ರವೇಶಗಳಲ್ಲಿ ಮರಳಿ ಮರಳಿ ಹೇಳುತ್ತಾನೆ.

‘ಫ್ಲೈಟ್’ ಎಂಬ ಹೆಸರಿನಲ್ಲಿ ಹಗುರದಿಂದ ಗಾಢದವರೆಗೆ ನಾಲ್ಕೈದು ಬಗೆಯ ವೈನನ್ನು ಸುಮಾರು 30 ಮಿಲಿಲೀಟರಿನಂತೆ ಸಾಲಾಗಿ ಕೊಡಲಾಗುತ್ತದೆ; ಸವಿದದ್ದನ್ನು ಉಗುಳುವುದಕ್ಕೆ ಪಕ್ಕದಲ್ಲೇ ಪೀಕದಾನಿಯೂ ಇರುತ್ತದೆ. ಕೊಟ್ಟ ಡಾಲರನ್ನು ಎಂಬತ್ತೈದರಿಂದಲೋ ತೊಂಬತ್ತರಿಂದಲೋ ಮನಸ್ಸಿನಲ್ಲೇ ಗುಣಿಸಿಕೊಂಡ ಶೋಧಕನು ಒಂದು ಹನಿಯನ್ನೂ ಉಗುಳಿದ ನಿದರ್ಶನವಿಲ್ಲ. ಲೋಟ ತಿರುಗಿಸುವುದು ದ್ರವ ಗಾಳಿಗೆ ಹೆಚ್ಚು ತೆರೆದುಕೊಂಡು ಪರಿಮಳ ಏಳಲೆಂದು. ಇವನು ಅಂಗಿಯ ಮೇಲೆ ಚಿಮ್ಮುವವರೆಗೂ ತಿರುಗಿಸುತ್ತಾನೆ. ಗಾಜಿನೊಳಗೆ ಇಳಿಯುವ ಎಳೆಗಳು ಮದ್ಯಸಾರದ ಪ್ರಮಾಣವನ್ನಷ್ಟೇ ಸೂಚಿಸುತ್ತವೆಯಾದರೂ, ಜಾತಕ ನೋಡುವವರ ಗಾಂಭೀರ್ಯದಿಂದ ಅವನ್ನು ದಿಟ್ಟಿಸಿ ತಲೆದೂಗುತ್ತಾನೆ. ಡೇವಿಸ್‌ನ ವಿಶ್ವವಿದ್ಯಾಲಯದಲ್ಲಿ ಆನ್ ನೋಬಲ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ರೂಪಿಸಿದ, ವೈನಿನಲ್ಲಿ ಸಿಗಬಹುದಾದ ವಾಸನೆಗಳನ್ನೆಲ್ಲ ವೃತ್ತದೊಳಗೆ ವರ್ಗೀಕರಿಸುವ ಗಂಧಚಕ್ರದಲ್ಲಿ ಹೂವು ಹಣ್ಣುಗಳ ಜೊತೆಗೆ ಡೀಸೆಲ್ಲಿಗೂ ಒದ್ದೆ ನಾಯಿಗೂ ಸ್ಥಾನವಿದೆ. ಶೋಧಕನಿಗೆ ಮಾತ್ರ ಯಾವಾಗಲೂ ಸಿಗುವುದು ಬ್ಲ್ಯಾಕ್‌ಕರೆಂಟ್. ಪೈನ್ ಮರಗಳಿಗೆ ರೋಗ ಹರಡುತ್ತದೆಂಬ ಕಾರಣಕ್ಕೆ ಅಮೆರಿಕದ ಕೇಂದ್ರ ಸರ್ಕಾರ 1966ರವರೆಗೂ ಬೆಳೆಯಗೊಡದಿದ್ದ ಆ ಹಣ್ಣನ್ನು ಅವನು ಕಣ್ಣಾರೆ ಕಂಡವನೂ ಅಲ್ಲ.

ಮರಳುವಾಗ ಕಾರು ಓಡಿಸಬೇಕಾದವಳು ಮಡದಿ. ಆಕೆಯ ಪಾಲಿಗೆ ಬರುವುದು ಒಂದೇ ಗುಟುಕು, ಆದರೆ ನಾಲಿಗೆ ಕೆಲಸ ಮಾಡುವುದು ಆಕೆಯದೇ. ಕಾರ್ಮೆಲ್ ಕಣಿವೆಯ ಕೆಬರ್ನೆ ಸೋವಿನ್ಯೋನ್ ಸವಿದು, “ರೀ, ಇದು ನೇರಳೆಹಣ್ಣು ತಿಂದ ಹಾಗೇ ಒಗರು ಕಣ್ರೀ, ನಾಲಿಗೆ ಎಲ್ಲ ದೊರಗಾಯ್ತು” ಎಂದು ಆಕೆ ಹೇಳಿದರೆ ಅದು ಅಕ್ಷರಶಃ ಸತ್ಯ. ಸಿಪ್ಪೆ, ಬೀಜಗಳಿಂದ ಇಳಿಯುವ ಟ್ಯಾನಿನ್ ಎಂಬ ಅಂಶ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವುದರಿಂದಲೇ ನಾಲಿಗೆ ಜಾರುತನ ಕಳೆದುಕೊಂಡು ದೊರಗಾಗುತ್ತದೆ. ಶೋಧಕನು “ಮೆತ್ತಗೆ ಮಾತಾಡೇ” ಎನ್ನುತ್ತಾನೆ. ಊಟಕ್ಕೆ ಏಡಿ, ಮೀನಿನ ಸಾರು ಎಲ್ಲವೂ ಇದ್ದರೂ, ಮನೆತನದ ಕಟ್ಟುಪಾಡಿನಿಂದ ಅವನು ತರಿಸುವುದು ಹತ್ತಿರದ ಕ್ಯಾಸ್ಟ್ರೋವಿಲ್‌ನಲ್ಲಿ ಬೆಳೆಯುವ ಆರ್ಟಿಚೋಕ್ ಮೊಗ್ಗನ್ನು ಹಿಟ್ಟಿನಲ್ಲಿ ಅದ್ದಿ ಕರಿದ ತಿಂಡಿಯನ್ನು, ಅಂದರೆ ನ್ಯಾಯವಾಗಿ ನೋಡಿದರೆ ಬಜ್ಜಿಯನ್ನು.

ಪತ್ತೆಯಾದ ಸ್ಥಳದ ಮುಂದಿನ ಗತಿ ಬಹುಬೇಗ ಮುಗಿಯುತ್ತದೆ. ಯಾರಿಗೂ ಹೇಳಬೇಡಿ ಎಂಬ ಒಕ್ಕಣೆಯೊಂದಿಗೆ ಹದಿನೆಂಟು ಫೋಟೋಗಳು ವಾಟ್ಸಾಪ್ ಗುಂಪು ಸೇರುತ್ತವೆ. ಮುಂದಿನ ವಾರ ನಾಲ್ಕು ಕುಟುಂಬಗಳು ಹೋಗಿ ಬರುತ್ತವೆ. ಅವರು ಹೊಗಳಲು ಬಾಯಿ ತೆರೆಯುವಷ್ಟರಲ್ಲಿ ಶೋಧಕನು, ತೆರೆದು ಆರು ವಾರವೂ ಆಗದ ಹೋಟೆಲಿನ ಬಗ್ಗೆ, “ಈಗ ಮೊದಲಿನ ಹಾಗಿಲ್ಲ ಬಿಡಿ” ಎನ್ನುತ್ತಾನೆ.

ಆದರೆ ವೈನ್ ಕ್ಲಬ್ಬಿನ ಸದಸ್ಯತ್ವ ಅಷ್ಟು ಸುಲಭವಾಗಿ ಮುಗಿಯುವಂಥದಲ್ಲ. ಸದಸ್ಯನಾದರೆ ರುಚಿ ನೋಡಿದ ಶುಲ್ಕ ಮಾಫಿ ಎಂಬ ಒಂದು ಮಾತಿಗೆ ಮರುಳಾಗಿ ಅವನು ಹೆಸರು ಬರೆಸಿರುತ್ತಾನಾದ್ದರಿಂದ, ಕೆಲವು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಪೆಟ್ಟಿಗೆ ಬರುತ್ತದೆ. 21 ವರ್ಷ ದಾಟಿದವರೊಬ್ಬರು ಸಹಿ ಹಾಕದ ಹೊರತು ಅದನ್ನು ಒಪ್ಪಿಸುವಂತಿಲ್ಲ. ಹಗಲು ಹೊತ್ತು ಮನೆಯಲ್ಲಿರುವವರು ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ತಂದೆ, ನಿವೃತ್ತ ಹೆಡ್‌ಮಾಸ್ತರರು. ಅವರು ಕನ್ನಡದಲ್ಲಿ, ತಾರೀಖು ಸಮೇತ, ದುಂಡಗೆ ಸಹಿ ಹಾಕಿ ಪೆಟ್ಟಿಗೆ ಇಳಿಸಿಕೊಳ್ಳುತ್ತಾರೆ. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನೋ, ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನೋ ಬಳಸುವುದುಂಟೆಂದು ಸೊಸೆಯಿಂದ ತಿಳಿದುಕೊಂಡಿರುವ ಅವರ ಆಕ್ಷೇಪ ಮದ್ಯದ ಮೇಲಲ್ಲ. “ಏನೋ, ಇದಕ್ಕೂ ಮೊಟ್ಟೆ ಹಾಕಿದ್ದಾರೇನೋ?” ಎಂದು ಮಗನನ್ನು ಕೇಳುತ್ತಾರೆ, ಖಚಿತ ಉತ್ತರ ಬಾರದಿದ್ದಾಗ ಪೆಟ್ಟಿಗೆಯನ್ನು ದೇವರ ಮನೆಯ ಪಕ್ಕದಿಂದ ಎತ್ತಿಸಿ, ಗ್ಯಾರೇಜಿನಲ್ಲಿ ವಾಟರ್ ಹೀಟರಿನ ಬದಿಗೆ ಇಡಿಸುತ್ತಾರೆ. ಸುಮಾರು 13 ಡಿಗ್ರಿಯ ತಂಪಿನಲ್ಲಿರಬೇಕಾದ ಪಿನೋ ನ್ವಾರ್ ಜುಲೈ, ಆಗಸ್ಟ್ ತಿಂಗಳುಗಳನ್ನು ಅಲ್ಲಿಯೇ ಕಳೆದು, ದಸರೆಯ ಹೊತ್ತಿಗೆ ಅತಿಥಿಗಳೆದುರು ಬಿರಡೆ ಕಳಚಿಕೊಂಡಾಗ ಬೇಯಿಸಿದ ಹಣ್ಣಿನ ವಾಸನೆ ಹೊಮ್ಮುತ್ತದೆ; ಶೋಧಕನು ಕಣ್ಣು ಮುಚ್ಚಿ ಮೂಸಿ, ಇಂಥ ಗುಣ ಬರಬೇಕಾದರೆ ಕನಿಷ್ಠ ಹತ್ತು ವರ್ಷ ಹಳೆಯದಾಗಬೇಕೆಂದೂ, ಈ ಪವಾಡ ಕಾರ್ಮೆಲ್‌ನ ಆ ಒಂದು ಕೋಣೆಯಲ್ಲಿ ಮಾತ್ರ ಸಾಧ್ಯವೆಂದೂ, ಅದನ್ನು ಮೊದಲು ಕಂಡುಹಿಡಿದವನು ತಾನೆಂದೂ ಸಾರುತ್ತಾನೆ.