ಹಾರ್ನಿನ ಅರ್ಜಿ

ಹಿಂದಿನ ಕಾರುಗಳಲ್ಲಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತಿತ್ತು. ಹತ್ತದಿದ್ದರೆ ಬಲ್ಬು ಹೋಗಿದೆ, ಇಲ್ಲವೇ ಫ್ಯೂಸು ಹೋಗಿದೆ, ಎರಡೂ ಅಲ್ಲವಾದರೆ ಎಲ್ಲೋ ತಂತಿ ಕಿತ್ತಿದೆ ಎಂದು ಲೆಕ್ಕ. ಈಗಿನ ಕಾರಿನಲ್ಲಿ ಸ್ವಿಚ್ಚು ದೀಪ ಹತ್ತಿಸುವುದಿಲ್ಲ. ದೀಪ ಹತ್ತಿಸಿಕೊಡಬೇಕಾಗಿ ಅರ್ಜಿ ಹಾಕುತ್ತದೆ. ಅರ್ಜಿ ಹೋಗುವುದು ಡ್ಯಾಶ್‌ಬೋರ್ಡಿನ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದಂತೆ ಕೂತಿರುವ ಒಂದು ಕಪ್ಪು ಡಬ್ಬಿಗೆ. ಹೆಸರು ಬಾಡಿ ಕಂಟ್ರೋಲ್ ಮಾಡ್ಯೂಲ್. ಹಾರ್ನು, ವೈಪರು, ಇಂಡಿಕೇಟರು, ಕಿಟಕಿ, ಬಾಗಿಲ ಲಾಕು, ಒಳಗಿನ ದೀಪ, ಡಿಕ್ಕಿ, ಎಲ್ಲರ ಫೈಲೂ ಅದರ ಮೇಜಿನ ಮೇಲೆ. ಕೀ ಆನ್ ಇದೆಯೇ, ಬಾಗಿಲು ಮುಚ್ಚಿದೆಯೇ ಎಂದು ಪರಿಶೀಲಿಸಿ, ಕಣ್ಣು ಮಿಟುಕಿಸುವುದರೊಳಗೆ ಮಂಜೂರು ಮಾಡುತ್ತದೆ. ವೇಗವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಮಗೆ ಪರಿಚಯವಿರುವ ವ್ಯವಸ್ಥೆಯೇ.

ನಮ್ಮ ಕಾರಿನ ಸಾಹೇಬರಿಗೆ ತಲೆ ಕೆಟ್ಟದ್ದು ಮಳೆಗಾಲದಲ್ಲಿ. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಎಡಕ್ಕೆ ತಿರುಗೋಣವೆಂದು ಇಂಡಿಕೇಟರ್ ಹಾಕಿದೆ, ವೈಪರ್ ಶುರುವಾಯಿತು. ವೈಪರ್ ನಿಲ್ಲಿಸಲು ಹೋದರೆ ಹಿಂದಿನ ಕಿಟಕಿ ಇಳಿಯಿತು. ಅಲ್ಲಿ ಕೂತಿದ್ದ ನಮ್ಮತ್ತೆ, "ಗಾಳಿ ಸಾಕು ಕಣಪ್ಪ, ಎರಚಲು ಬೇರೆ ಹೊಡೀತಿದೆ" ಎಂದು ಸೆರಗು ಹೊದ್ದುಕೊಂಡರು. ಕಿಟಕಿ ಏರಿಸುವ ಗುಂಡಿ ಒತ್ತಿದಾಗ ನಾಲ್ಕೂ ಬಾಗಿಲು ಟಕ್ ಎಂದು ಲಾಕಾಗಿ, ಮತ್ತೆ ತೆರೆದು, ಮತ್ತೆ ಲಾಕಾದವು. ಹಿಂದಿನ ಆಟೋದವನು ನಾನು ಎಡಕ್ಕೋ ಬಲಕ್ಕೋ ಎಂದು ತಿಳಿಯದೆ, ನನ್ನ ವಂಶದ ಬಗ್ಗೆ ತನಗೆ ತಿಳಿದದ್ದನ್ನೆಲ್ಲ ಹೇಳಿ ಮುಂದೆ ಹೋದ.

ಹಗಲಿನ ಈ ನಾಟಕವನ್ನಾದರೂ ಸಹಿಸಬಹುದಿತ್ತು. ರಾತ್ರಿ ಎರಡು ಗಂಟೆಗೆ ಕಾರು ತಾನಾಗಿ ಹಾರ್ನ್ ಹೊಡೆಯತೊಡಗಿತು. 2024ರ ಡಿಸೆಂಬರ್ 31ರಂದು ಇಲ್ಲಿಯ, ಅಂದರೆ ಮೈಸೂರಿನ, ಇನ್ಫೋಸಿಸ್ ಕ್ಯಾಂಪಸ್ಸಿನೊಳಗೆ ಚಿರತೆ ಕಾಣಿಸಿಕೊಂಡು, ನೌಕರರಿಗೆಲ್ಲ ಮನೆಯಿಂದಲೇ ಕೆಲಸ ಮಾಡಿ ಎಂದ ಮೇಲೆ ನಮ್ಮ ಹೆಬ್ಬಾಳದಲ್ಲಿ ರಾತ್ರಿ ಏನೇ ಸದ್ದಾದರೂ ಜನ ಮೊದಲು ಟಾರ್ಚು ಹುಡುಕುತ್ತಾರೆ. ಪಕ್ಕದ ಮನೆಯ ರಾಯರು ಟಾರ್ಚಿನ ಜೊತೆಗೆ ತೆಂಗಿನ ಗರಿ ಕೀಳುವ ದೋಟಿಯನ್ನೂ ಹಿಡಿದು ಬಂದರು. ಕಾರನ್ನು ಸುತ್ತು ಹಾಕಿ, "ಚಿರತೆ ಆಗಿದ್ರೆ ಓಡಿಸಬಹುದಿತ್ತು" ಎಂದು ನಿರಾಶೆಯಿಂದ ಹೇಳಿ, "ಬ್ಯಾಟರಿ ಕಿತ್ತು ಮಲಗ್ರೀ" ಎಂದರು.

ರಾಯರಿಗೆ ಈ ವಿಷಯದಲ್ಲಿ ಮಾತಾಡುವ ಅಧಿಕಾರವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಅದು 1996ರಲ್ಲಿ ಮುಚ್ಚುವವರೆಗೂ ಇದ್ದವರು. ಇಡೀ ಬೀದಿಗೆ ಅವರು ಜಾವಾ ರಾಯರೇ. ಜಾವಾ ಮೋಟಾರ್‌ಸೈಕಲ್ಲಿಗೆ 6 ವೋಲ್ಟಿನ ಕರೆಂಟು, ಬೆರಳೆಣಿಕೆಯ ತಂತಿ, ಕಾರ್ಬನ್ ಸವೆದರೆ ಮಾಲೀಕನೇ ಬದಲಾಯಿಸಿಕೊಳ್ಳುತ್ತಿದ್ದ ಎಂಬುದು ಅವರ ಎಲ್ಲ ಮಾತಿನ ಪಲ್ಲವಿ. ಈಗ ಅವರದೊಂದು ಮಾರುತಿ 800 ಇದೆ. ಅದರ ಕಿಟಕಿಯನ್ನು ಕೈಯಲ್ಲಿ ತಿರುಗಿಸಿ ಏರಿಸುತ್ತಾರೆ. ಏರಿಸುವಾಗಲೆಲ್ಲ ಒಮ್ಮೆ ನನ್ನ ಕಡೆ ನೋಡುತ್ತಾರೆ.

ಸರ್ವಿಸ್ ಸೆಂಟರಿನಲ್ಲಿ (ಯಾವ ಕಂಪನಿ ಎಂದು ಕೇಳಬೇಡಿ) ಇಸ್ತ್ರಿ ಅಂಗಿಯ ಹುಡುಗ ಕಾರನ್ನು ಮುಟ್ಟದೆಯೇ, "ಮಾಡ್ಯೂಲ್, ಪ್ಲಸ್ ಫುಲ್ ವೈರಿಂಗ್ ಕಿಟ್" ಎಂದು ಎಸ್ಟಿಮೇಟ್ ಕೊಟ್ಟ. ಅದನ್ನು ನೋಡಿ ಕುಡಿಯಲು ನೀರು ಕೇಳಿದೆ. ಕಾಫಿಯನ್ನೇ ತಂದುಕೊಟ್ಟರು. ಆ ಮೊತ್ತಕ್ಕೆ ಊಟವನ್ನೂ ಹಾಕಬಹುದಿತ್ತು.

ಕೊನೆಗೆ ರಾಯರೇ ಕೈಗಾರಿಕಾ ಪ್ರದೇಶದ ಶೆಡ್ಡೊಂದಕ್ಕೆ ಕರೆದುಕೊಂಡು ಹೋದರು. ನಮ್ಮ ಈ ದಿಕ್ಕನ್ನು ಲಘುವಾಗಿ ಕಾಣಬಾರದು. ಹೂಟಗಳ್ಳಿಯಲ್ಲಿ ಲಾರಿಗೆ ಆಕ್ಸಲ್ ಮಾಡುತ್ತಾರೆ, ಮೇಟಗಳ್ಳಿಯಲ್ಲಿ ಟೈರು ಮಾಡುತ್ತಾರೆ, ಬೆಳವಾಡಿಯ ಬೆಮೆಲ್‌ನಲ್ಲಿ ಬೆಟ್ಟ ಹೊರುವ ಟಿಪ್ಪರು ಮಾಡುತ್ತಾರೆ, ಇನ್ಫೋಸಿಸ್‌ನಲ್ಲಿ ದೇಶದ ಮಕ್ಕಳಿಗೆಲ್ಲ ಸಾಫ್ಟ್‌ವೇರ್ ಕಲಿಸುತ್ತಾರೆ. ಇಷ್ಟೆಲ್ಲದರ ನಡುವೆ ನನ್ನ ಹಾರ್ನನ್ನು ಸುಮ್ಮನಿರಿಸಬಲ್ಲವನು ಶೀಟಿನ ಕೆಳಗೆ, ಸೊಂಟಕ್ಕೆ ಮಲ್ಟಿಮೀಟರ್ ಸಿಕ್ಕಿಸಿಕೊಂಡು ನಿಂತಿದ್ದ ಆ ಒಬ್ಬನೇ.

ಅವನು ಮೊದಲು ಬ್ಯಾಟರಿ ನೋಡಿದ. 12.6 ವೋಲ್ಟು. "ಬ್ಯಾಟ್ರಿ ಸರಿಯಾಗದೆ ಸಾ. ಬ್ಯಾಟ್ರಿ ವೀಕಿದ್ರೂ ಇಂಗೇ ಆಟ ಆಡ್ತದೆ. ಎಷ್ಟೋ ಜನ ಅದ ನೋಡ್ದೇನೆ ಮಾಡ್ಯೂಲ್ ಬದ್ಲಾಯ್ಸಿ ದುಡ್ಡು ಕಳ್ಕತಾರೆ." ಆಮೇಲೆ ಬಾಡಿಗೆ ಬೋಲ್ಟ್ ಮಾಡಿದ ಅರ್ಥ್ ತಂತಿಗಳನ್ನು ಎಳೆದು ನೋಡಿದ. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿದ. ತೆರೆಯ ಮೇಲೆ ಯು0140 ಎಂದು ಬಂತು. ಬಾಡಿ ಕಂಟ್ರೋಲ್ ಮಾಡ್ಯೂಲು ಮಾತಿಗೆ ಸಿಗುತ್ತಿಲ್ಲ ಎಂದು ಉಳಿದ ಇಲಾಖೆಗಳು ಬರೆದುಕೊಟ್ಟ ದೂರು ಅದು. "ಬಿಸಿಎಂ ಓಗದೆ ಸಾ" ಎಂದ.

"ಬಿಸಿಎಂ ಹಾಸ್ಟೆಲ್ ಗೊತ್ತು. ಕಾರಿನೊಳಗೂ ಬಂತೇನೋ?" ಎಂದರು ರಾಯರು.

ಇಲಾಖೆ ಇಲಾಖೆಗಳ ನಡುವಿನ ಈ ಟಪಾಲು ಜರ್ಮನಿಯ ಬಾಷ್ ಕಂಪನಿಯ ಕೊಡುಗೆ, ಅಂದರೆ ಆಡುಗೋಡಿಯ ನಮ್ಮ ಮೈಕೋದ ತವರು ಮನೆಯದು. ಕಾರಿಗೆ ಸೌಕರ್ಯ ಹೆಚ್ಚಿದಂತೆ ಒಂದೊಂದಕ್ಕೂ ಬೇರೆ ತಂತಿ ಎಳೆದು ಎಳೆದು ವೈರಿಂಗೇ ಭಾರವಾದಾಗ, ಎರಡೇ ತಂತಿ ಹೆಣೆದು ಎಲ್ಲರ ಸಂದೇಶವನ್ನೂ ಅದರಲ್ಲೇ ಕಳಿಸುವ ಕ್ಯಾನ್ ಎಂಬ ಪದ್ಧತಿಯನ್ನು ಅವರು 1986ರಲ್ಲಿ ಜಗತ್ತಿನ ಮುಂದಿಟ್ಟರು. 1991ರ ಹೊತ್ತಿಗೆ ಮರ್ಸಿಡಿಸ್ ಕಾರಿನಲ್ಲಿ ಬಂತು. ಶ್ರೀಮಂತರ ಕಾಯಿಲೆಗಳೆಲ್ಲ ನಿಧಾನಕ್ಕೆ ಇಳಿಯುವ ಹಾಗೆ ನಮ್ಮಂಥವರ ಕಾರಿಗೂ ಇಳಿಯಿತು. ಈ ಜೋಡಿ ತಂತಿಯ ಎರಡು ತುದಿಗೂ 120 ಓಮಿನ ಒಂದೊಂದು ರೆಸಿಸ್ಟರ್ ಇರುತ್ತದೆ; ಬ್ಯಾಟರಿ ಕಳಚಿ ಅಳೆದರೆ ಎರಡೂ ಸೇರಿ 60 ಬರಬೇಕು. ಅವನು ಅಳೆದ. 60 ಬಂತು. "ತಂತಿ ನೆಟ್ಟಗದೆ. ವೈರಿಂಗ್ ಕಿಟ್ ಯಾಕ್ ಬದ್ಲಾಯ್ಸಬೇಕು?" ಎಂದಾಗ ನನ್ನ ಎಸ್ಟಿಮೇಟಿನ ಮುಕ್ಕಾಲು ಭಾಗ ಅಲ್ಲೇ ಆವಿಯಾಯಿತು. ಅವನಿಗೆ ಅಡ್ಡ ಬೀಳಬೇಕೆನಿಸಿತು. ನೆಲದಲ್ಲಿ ಗ್ರೀಸ್ ಇತ್ತು.

ಕಾಲಡಿಯ ಕಾರ್ಪೆಟ್ ಎತ್ತಿದ. ಕೆಳಗೆ ನೀರು. ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೂರುವ ಜಾಗದ ಜಾಲರಿ ಬಿಚ್ಚಿದರೆ ಹೊಂಗೆ ಎಲೆ ಕೊಳೆತು ಗೊಬ್ಬರವಾಗಿತ್ತು. ಮಳೆನೀರು ಇಳಿದುಹೋಗುವ ತೂತು ಕಟ್ಟಿ, ನೀರು ವೈರಿಂಗನ್ನು ಹಿಡಿದುಕೊಂಡು ನೇರ ಸಾಹೇಬರ ನೆತ್ತಿಗೆ ತೊಟ್ಟಿಕ್ಕಿತ್ತು. ಕಪ್ಲರ್ ಕಿತ್ತರೆ ಪಿನ್ನುಗಳಿಗೆಲ್ಲ ಹಸಿರು ಕಿಲುಬು. ಒಂದರ ಪಕ್ಕದ ಇನ್ನೊಂದಕ್ಕೆ ಕರೆಂಟು ಜಿನುಗಿದರೆ ಇಂಡಿಕೇಟರಿನ ಅರ್ಜಿ ವೈಪರಿನ ಫೈಲಿಗೆ ಸೇರದೆ ಇನ್ನೇನಾದೀತು? "ತೂತು ಕ್ಲೀನ್ ಮಾಡ್ದೆ ಹೊಸದು ಹಾಕುದ್ರೆ ಮುಂದಿನ ಮಳೆಗೆ ಅದೂ ಓಯ್ತದೆ" ಎಂದು ಅವನು ಮೊದಲು ಕಡ್ಡಿ ಹಾಕಿ ತೂತು ಬಿಡಿಸಿದ. ಕಪ್ಲರ್ ತೊಳೆದು ಒಣಗಿಸಿ ನೋಡಿದ. ಡಬ್ಬಿಯೊಳಗಿನ ಬೋರ್ಡು ಮಾತ್ರ ಉಳಿಯುವ ಹಾಗಿರಲಿಲ್ಲ.

"ಬೆಂಗಳೂರಿನ ಜೆ.ಸಿ. ರೋಡಲ್ಲಿ ಹಳೇದು ಸಿಕ್ಕಲ್ವಾ?" ಎಂದೆ.

"ಹಳೇದು ಹಳೇ ಗಾಡೀನೇ ನೆನೆಸ್ಕತಾ ಕೂತಿರ್ತದೆ ಸಾ. ಅದರ ಚಾಸಿ ನಂಬರ್ರು, ಅದರ ಕೀ, ಎಲ್ಲ ಒಳಗಿರ್ತದೆ. ಕೆಲವು ಒಗ್ಗತವೆ, ಕೆಲವು ಒಗ್ಗಲ್ಲ."

ಹೊಸದನ್ನೇ ತರಿಸಿದೆವು. ಕೂರಿಸುವುದು ದೊಡ್ಡ ಕೆಲಸವಲ್ಲ. ಬ್ಯಾಟರಿ ಕಳಚಿ, ನಾಲ್ಕು ಬೋಲ್ಟು ಬಿಚ್ಚಿ, ಕಪ್ಲರ್ ಬದಲಾಯಿಸಿದರೆ ಮುಗಿಯಿತು. ಆದರೆ ಬಂದ ಅಧಿಕಾರಿಗೆ ಈ ಊರೇ ಗೊತ್ತಿರುವುದಿಲ್ಲ. ನಮ್ಮ ಗಾಡಿಯ 17 ಅಕ್ಷರದ ಚಾಸಿ ನಂಬರ್ ಏನು, ಹಿಂದೆ ವೈಪರ್ ಇದೆಯೇ, ಮುಂದೆ ಫಾಗ್ ಲ್ಯಾಂಪ್ ಇದೆಯೇ, ಎಲ್ಲವನ್ನೂ ಲ್ಯಾಪ್‌ಟಾಪ್ ಇಟ್ಟು ಹೇಳಿಕೊಡಬೇಕು. ಕೀಗಳನ್ನೂ ಪರಿಚಯಿಸಬೇಕು. "ಎಲ್ಡೂ ಕೀ ತನ್ನಿ ಸಾ. ಒಂದೇ ತಂದ್ರೆ ಇನ್ನೊಂದು ಅನಾಥ ಆಗೋಯ್ತದೆ."

ಎರಡನೆಯ ಕೀ ಕಾರು ಕೊಂಡ ದಿನವೇ ನನ್ನ ಹೆಂಡತಿಯ ವಶಕ್ಕೆ ಹೋಗಿತ್ತು. ಬೀರು, ದೇವರ ಮನೆ, ಸಾಸಿವೆ ಡಬ್ಬಿ ಎಲ್ಲ ಜಾಲಾಡಿದ ಮೇಲೆ ಅಟ್ಟದ ಮೇಲಿನ ಗೊಂಬೆ ಪೆಟ್ಟಿಗೆಯಲ್ಲಿ, ಪಟ್ಟದ ರಾಣಿಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಸಿಕ್ಕಿತು. "ದಸರಾಕ್ಕೆ ಹೇಗೂ ತೆಗೀತಿದ್ವಲ್ಲ" ಎಂದಳು.

ಕಾರು ಈಗ ಮಾತು ಕೇಳುತ್ತದೆ. ಕೇಳುವುದಕ್ಕಿಂತ ಹೇಳುವುದೇ ಹೆಚ್ಚು. ಹೊಸ ಸಾಹೇಬರು ತಮ್ಮದೇ ನಿಯಮಗಳೊಂದಿಗೆ ಬಂದಿದ್ದಾರೆ. ಸ್ವಲ್ಪ ವೇಗ ಹಿಡಿದರೆ ಬಾಗಿಲುಗಳನ್ನು ತಾವೇ ಲಾಕ್ ಮಾಡುತ್ತಾರೆ. ಇಳಿದು ಹೋದ ಮೇಲೂ, ನಾನು ಮೆಟ್ಟಿಲು ಎಡವದಿರಲೆಂದು ಹೆಡ್‌ಲೈಟನ್ನು ಒಂದಷ್ಟು ಹೊತ್ತು ಉರಿಸುತ್ತಾರೆ.

ಮೊದಲ ಸಂಜೆಯೇ ರಾಯರು ಗೇಟಿನಿಂದ ಕೂಗಿದರು. "ಲೈಟ್ ಆಫ್ ಮಾಡಿಲ್ಲ ನೋಡ್ರೀ!"

"ಅದೇ ಆಫ್ ಆಗತ್ತೆ ರಾಯರೇ."

ನಂಬಲಿಲ್ಲ. ಕೈ ಕಟ್ಟಿಕೊಂಡು ದೀಪ ಆರುವವರೆಗೂ ನಿಂತರು. ಈಗ ನಿತ್ಯವೂ ಅದೇ. ನಾನು ಬರುವ ಹೊತ್ತಿಗೆ ಕಾಂಪೌಂಡಿನ ಪಕ್ಕ ಬಂದು ನಿಲ್ಲುತ್ತಾರೆ, ಗಡಿಯಾರ ನೋಡುತ್ತಾರೆ, ದೀಪ ಆರಿದ ಮೇಲೆ ಒಳಗೆ ಹೋಗುತ್ತಾರೆ. ಮೊನ್ನೆ ಮಾತ್ರ ಹೋಗದೆ ನಿಂತು, ದನಿ ತಗ್ಗಿಸಿ ಕೇಳಿದರು:

"ನಮ್ಮ 800ಕ್ಕೂ ಇದೊಂದು ಹಾಕಿಸಬಹುದಾ? ಲೈಟಿನ ಮಟ್ಟಿಗೆ ಮಾತ್ರ. ಕಿಟಕಿ ನಾನೇ ನೋಡ್ಕೋತೀನಿ."