ಮಾಮಾಂಕ್ ಅಂಡ್ ಸನ್ಸ್

ನಾಸಿಕದ ಹತ್ತಿರ ಓಝರ್‌ನಲ್ಲಿ 1964ರಲ್ಲಿ ಎಚ್‌ಎಎಲ್‌ನ ಮಿಗ್ ಕಾರ್ಖಾನೆ ಶುರುವಾಯಿತಲ್ಲ, ಬೆಂಗಳೂರಿನಿಂದ ಅಲ್ಲಿಗೆ ವರ್ಗವಾಗಿ ಹೋಗಿ, ಇನ್‌ಸ್ಪೆಕ್ಷನ್ ವಿಭಾಗದಲ್ಲಿ ನಿವೃತ್ತರಾಗಿ, ಅಲ್ಲೇ ಮನೆ ಕಟ್ಟಿಕೊಂಡ ರಾಯರೊಬ್ಬರು ಯಾವ ಬಡಾವಣೆಯಲ್ಲಾದರೂ ಸಿಕ್ಕೇ ಸಿಗುತ್ತಾರೆ. ರಿವೆಟ್ಟಿಗೊಂದು ನಂಬರು, ನಂಬರಿಗೊಂದು ಕಾಗದ, ಕಾಗದಕ್ಕೊಂದು ರುಜು. ಇದರಲ್ಲೇ ಆಯುಷ್ಯ ಸವೆಸಿದವರ ಕೈಗೆ ಹೆಸರಿಲ್ಲದ ಇಂಕ್ ಪೆನ್ನು ಸಿಕ್ಕರೆ ನಿದ್ದೆ ಎಲ್ಲಿಂದ ಬರಬೇಕು?

ಪಾರ್ಕರ್ ಕಂಡರೆ ರಾಯರಿಗೆ ತಾತ್ಸಾರ. "ಹುಟ್ಟಿದ ವರ್ಷ ಮೈಮೇಲೇ ಬರಕೊಂಡು ಬರತ್ತೆ. ಅದರಲ್ಲಿ ನನಗೇನು ಕೆಲಸ?" ಅವರಿಗೆ ಬೇಕಾದದ್ದು ಯಾವುದೋ ಊರಿನ ಲೇತಿನಲ್ಲಿ ಕಡೆದು, ಇನ್ನೆಲ್ಲಿಯದೋ ನಿಬ್ಬು, ಮತ್ತೆಲ್ಲಿಯದೋ ಕ್ಲಿಪ್ಪು ಸಿಕ್ಕಿಸಿ ಮಾರಿದ ಕಪ್ಪು ಎಬೊನೈಟ್ ಪೆನ್ನು. ನಿಬ್ಬಿನ ಮೇಲೆ 'ಇರಿಡಿಯಂ ಪಾಯಿಂಟ್ ಜರ್ಮನಿ' ಅಂತಿದ್ದರೆ ನಕ್ಕುಬಿಡುತ್ತಾರೆ. ಆ ಮುದ್ರೆ ಚೀನಾದ ಅಗ್ಗದ ಪೆನ್ನುಗಳ ಮೇಲೂ ಉಂಟು.

ಮಗಳು ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ. ಮೊಮ್ಮಗನನ್ನು ನೋಡುವ ನೆಪದಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತುವುದು, ಶಹಾಗಂಜಿನ ಗಡಿಯಾರದ ಕಂಬದ ಸುತ್ತ ಹಳೆ ಸಾಮಾನು ಕೆದಕುವುದು. ವಾಪಸು ಬರುವಾಗ ಮನ್ಮಾಡ್ ದಾಟುವವರೆಗೂ ತಡೆದುಕೊಳ್ಳುವುದಿಲ್ಲ. ಪೆನ್ನನ್ನು ಹೆಬ್ಬೆರಳಲ್ಲಿ ಗಸಗಸ ಉಜ್ಜಿ ಮೂಗಿಗೆ ಹಿಡಿಯುತ್ತಾರೆ. ಗಂಧಕದ ವಾಸನೆ ಬಂದರೆ ಎಬೊನೈಟ್, ಕರ್ಪೂರ ಘಮ್ಮೆಂದರೆ ಸೆಲ್ಯುಲಾಯ್ಡ್. ನಶ್ಯದ ಚಟ ಇರಬೇಕೆಂದು ಎದುರಿನವರು ಕರವಸ್ತ್ರ ತೆಗೆಯುತ್ತಾರೆ.

ಅವರದೊಂದು ಸಿದ್ಧಾಂತವೂ ಇದೆ. ಮಗಳ ಊರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೈದರಾಬಾದಿನ ಡೆಕ್ಕನ್ ಪೆನ್ ಅಂಗಡಿ 1928ರಷ್ಟು ಹಳೆಯದು. ಆದ್ದರಿಂದ ಅಲ್ಲಿ ಸಿಕ್ಕಿದ್ದೆಲ್ಲ ನಿಜಾಮನ ಕಡೆಯದು, ನಾಸಿಕದಲ್ಲಿ ಸಿಕ್ಕಿದ್ದು ಮುಂಬೈಯದು. ಪೆನ್ನು ಜೇಬಿನಲ್ಲಿ ಕೂತು ರೈಲು ಹತ್ತಬಹುದೆಂಬುದು ಇಷ್ಟು ದೊಡ್ಡ ತಲೆಗೆ ಯಾಕೋ ಹೊಳೆಯುವುದಿಲ್ಲ.

ಈಚೆಗೆ ಒಂದು ಪೆನ್ನಿನ ಮೇಲೆ ಸವೆದ ದೇವನಾಗರಿ ಅಕ್ಷರ ಕಂಡವು. ಭೂತಗನ್ನಡಿ ಹಿಡಿದರು, ಸೀಮೆಸುಣ್ಣದ ಪುಡಿ ಸವರಿದರು. 'ಮಾಮಾಂಕ' ಎಂಬಷ್ಟು ಮೂಡಿತು. ವರ್ನಿಯರಿನಲ್ಲಿ ಅಳೆದು ರಿಜಿಸ್ಟರಿನಲ್ಲಿ ಬರೆದರು: "ತಯಾರಕರು: ಮಾಮಾಂಕ್ ಅಂಡ್ ಸನ್ಸ್, ಬಹುಶಃ ಮುಂಬೈ." ಸನ್ಸ್ ಎಲ್ಲಿಂದ ಬಂದರು ಅಂದರೆ, "ಅಷ್ಟು ಒಳ್ಳೆ ಕೆಲಸ ಒಬ್ಬನಿಂದ ಆಗಲ್ಲ ಇವರೇ" ಅಂದರು.

ಕಾಫಿ ತಂದಿಟ್ಟ ಅವರ ಹೆಂಡತಿ ಕನ್ನಡಕ ಏರಿಸಿ ಒಮ್ಮೆ ನೋಡಿದರು. "ಮಾಮಾಂಕಡೂನ್ ಅಂತಿದೆ ಕಣ್ರೀ, ಮರಾಠೀಲಿ ಮಾವನ ಕಡೆಯಿಂದ ಅಂತ. ಸೋದರಮಾವ ಮದುವೆಗೆ ಕೊಟ್ಟಿರೋದು. ಅಂಗಡಿಯವರೇ ಕೆತ್ತಿಕೊಡ್ತಿದ್ರಲ್ಲ, ನಮ್ಮ ಅಣ್ಣ ಕೊಟ್ಟಿದ್ರಲ್ಲೂ ಇತ್ತು, ನೀವೇ ಕಳೆದ್ರಿ."

ರಾಯರು ಕೊನೆಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. ತಯಾರಕರ ಹೆಸರಿನ ಮೇಲೆ ಗೀಟೆಳೆದು 'ವಿಚಾರಣೆ ಬಾಕಿ' ಎಂದರು; ಪಕ್ಕದಲ್ಲಿ ಹೊಸ ಕಾಲಂ ಎಳೆದು 'ಮಾವ: ದೃಢಪಟ್ಟಿದೆ' ಎಂದು ಬರೆದು ರುಜು ಹಾಕಿದರು. ಆಮೇಲೆ ನನ್ನ ಕಡೆ ತಿರುಗಿ, "ಈಗ ಆ ಮದುವೆ ಯಾವ ವರ್ಷ ಆಯ್ತು ಅಂತ ಹಿಡೀಬೇಕು" ಅಂದರು.