ಸರ್ವಸಂಗ್ರಾಹಕರೊಡನೆ ಸಂಭಾಷಣೆ

1998ರಲ್ಲಿ ಜಾವಾ ಭಾಷೆಯ 1.2ನೆಯ ಆವೃತ್ತಿಯೊಡನೆ ಅವತರಿಸಿ, ಬಂದವರ ಕುಲಗೋತ್ರಗಳನ್ನು ವಿಚಾರಿಸದೆ ಒಳಗೆ ಬಿಟ್ಟುಕೊಳ್ಳುವ ಔದಾರ್ಯದಿಂದ ಪ್ರಖ್ಯಾತರೂ ಅಷ್ಟೇ ಕುಖ್ಯಾತರೂ ಆದ ಅರೇಲಿಸ್ಟ್ ಮಹಾಶಯರು, ಮೆಮೊರಿಯಲ್ಲಿನ ತಮ್ಮ ನಿವಾಸದಲ್ಲಿ ನಮಗೆ ದರ್ಶನವಿತ್ತರು.

ಪ್ರಶ್ನೆ: ಸ್ಟ್ರಿಂಗು, ದಿನಾಂಕ, ಬ್ಯಾಂಕಿನ ಖಾತೆ, ಇವರೆಲ್ಲರ ಸಹಪಂಕ್ತಿ ಭೋಜನವು ತಮ್ಮಲ್ಲಿ ಹೇಗೆ ಸಾಧ್ಯವಾಯಿತು?

ಉತ್ತರ: ವೇದಾಂತದಿಂದ. ಜಾವಾದ ಸಮಸ್ತ ಕ್ಲಾಸುಗಳಿಗೂ ಮೂಲಪುರುಷನು ಆಬ್ಜೆಕ್ಟ್ ಒಬ್ಬನೇ ಆದುದರಿಂದ, ಹೊಸ್ತಿಲಲ್ಲಿ ನಾಮರೂಪಗಳನ್ನು ಬದಿಗಿಟ್ಟು 'ನಾನೂ ಆಬ್ಜೆಕ್ಟ್' ಎಂದವನಿಗೆಲ್ಲ ಎಡೆ ಹಾಕಿಸುವೆನು. ಬರಿಯ ಪೂರ್ಣಾಂಕಗಳಾದರೋ ಆ ವಂಶದವಲ್ಲ. ಅವು ಇಂಟಿಜರ್ ಎಂಬ ಪೆಟ್ಟಿಗೆಯಲ್ಲಿ ಕುಳಿತೇ ಬರತಕ್ಕದ್ದು.

(ಸಮತಾವಾದಿಗಳ ಮನೆಗೂ ಹಿತ್ತಿಲ ಬಾಗಿಲೊಂದು ಇರುವುದನ್ನು ಗಮನಿಸಿ ಮುಂದುವರಿದೆವು.)

ಪ್ರಶ್ನೆ: ಅವರನ್ನು ಹೊರಗೆ ಕರೆದುಕೊಳ್ಳುವಾಗ?

ಉತ್ತರ: ಅದು ಕರೆದವರ ಪಾಡು. 'ಇಗೋ, ಒಬ್ಬ ಆಬ್ಜೆಕ್ಟ್' ಎಂದು ಒಪ್ಪಿಸಿ ನಾನು ಕೈತೊಳೆದುಕೊಳ್ಳುವೆನು. ತಾನಾರೆಂಬುದು ಅತಿಥಿಗೆ ಮರೆತಿರುವುದಿಲ್ಲ. ಆದರೆ ಪಡೆದವನು ವಿಚಾರಿಸದೆ, ದಿನಾಂಕವೆಂದು ಭಾವಿಸಿ ಕಾಸ್ಟ್ ಮಾಡಿದಾಗ ಬಂದವನು ಖಾತೆಯಾಗಿದ್ದರೆ, ಕ್ಲಾಸ್‌ಕಾಸ್ಟ್‌ಎಕ್ಸೆಪ್ಶನ್ ಎಂಬ ಆರ್ತನಾದವು ಏಳುವುದು. ಅದೂ ಕಂಪೈಲ್ ಮಾಡುವ ಏಕಾಂತದಲ್ಲಲ್ಲ, ಪ್ರೋಗ್ರಾಮು ನಡೆಯುತ್ತಿರುವಾಗ, ಗ್ರಾಹಕರ ಸಮಕ್ಷಮದಲ್ಲಿ. ತಪ್ಪೆಸಗಿದವನು ಒಳಗೆ ಸೇರಿಸಿದವನು, ಸಿಕ್ಕಿಬೀಳುವವನು ಹೊರಗೆ ತೆಗೆದವನು! ಇಂಥ ನ್ಯಾಯವು ಕಚೇರಿಗಳಲ್ಲಿ ಅಪರೂಪವೇನಲ್ಲವಷ್ಟೆ.

ಪ್ರಶ್ನೆ: 2004ರಲ್ಲಿ ಜೆನೆರಿಕ್ಸ್ ಬಂದು ತಾವು ಸುಧಾರಿಸಿದಿರೆಂದು ಕೇಳಿದ್ದೆವು.

ಉತ್ತರ: (ನಕ್ಕು) ದ್ವಾರದಲ್ಲಿ ಕಂಪೈಲರ್ ಎಂಬ ಪಾರುಪತ್ಯಗಾರನನ್ನು ನಿಲ್ಲಿಸಿ, 'ಸ್ಟ್ರಿಂಗುಗಳಿಗೆ ಮಾತ್ರ ಪ್ರವೇಶ' ಎಂಬ ಫಲಕವನ್ನು ತೂಗುಹಾಕಿದರು. ಆದರೆ ಹಳೆಯ ಪ್ರೋಗ್ರಾಮುಗಳು ಮುನಿಯಬಾರದೆಂದು, ಕಂಪೈಲ್ ಮುಗಿದೊಡನೆ ಆ ಬರೆಹವನ್ನು ಅಳಿಸಿಬಿಡುವರು. ಒಳಗೆ ನಾನು ಅಂದಿನಂತೆಯೇ ಆಬ್ಜೆಕ್ಟುಗಳ ಸಾಲು.

ಪ್ರಶ್ನೆ: ಭಿನ್ನಜಾತಿಯವರನ್ನು ಒಂದೆಡೆ ಇರಿಸಲೇಬೇಕಾದವರಿಗೆ ಗತಿಯೇನು?

ಉತ್ತರ: ವೃತ್ತ, ಚೌಕ, ತ್ರಿಕೋಣಗಳನ್ನು ಕೂಡಿಸುವ ಬುದ್ಧಿವಂತರು, 'ಕೇಳಿದಾಗ ವಿಸ್ತೀರ್ಣವನ್ನು ಹೇಳತಕ್ಕದ್ದು' ಎಂಬ ಕರಾರನ್ನು ಇಂಟರ್‌ಫೇಸ್ ಮೂಲಕ ಮೊದಲೇ ವಿಧಿಸುವರು, ಆಮೇಲೆ ಯಾರು ಯಾರೆಂಬ ವಿಚಾರಣೆಯೇ ಬೇಡ. ಜಾವಾ 17ರ ಸೀಲ್ಡ್ ಇಂಟರ್‌ಫೇಸ್ ಇನ್ನೂ ಕಟ್ಟುನಿಟ್ಟಿನದು: ಬರಬಹುದಾದವರ ಹೆಸರುಗಳನ್ನು ಮುಂಚಿತವಾಗಿಯೇ ನಿಗದಿಗೊಳಿಸುವುದು. ಜಾವಾ 21ರ ಸ್ವಿಚ್ಚಿನಲ್ಲಿ ಅವರಲ್ಲೊಬ್ಬನನ್ನು ಮರೆತರೂ ಕಂಪೈಲರು ಒಪ್ಪನು. ಇಷ್ಟೆಲ್ಲ ಪೂರ್ವಾಲೋಚನೆಯಾದ ಮೇಲೆ ಅದನ್ನು ಔದಾರ್ಯವೆನ್ನಬಹುದೇ, ಸ್ವಾಮಿ?

ಅಷ್ಟರಲ್ಲಿ ಯಾರೂ ಅಲ್ಲದ, ಯಾವ ವಸ್ತುವೂ ಅಲ್ಲದ ನಲ್ ಎಂಬುವರು ಬಾಗಿಲಲ್ಲಿ ಕಾಣಿಸಿಕೊಂಡರು. ಮಹಾಶಯರು ನಮ್ಮನ್ನು ಕ್ಷಮೆ ಕೇಳಿ ಎದ್ದುಹೋಗಿ, ಅವರಿಗೂ ಒಂದು ಎಡೆ ಹಾಕಿಸಿದರು.